ನನ್ನ ಎಡಗಿವಿಯ ಗೋಪ್ಯತೆಯ ಕುರಿತು

ಮಿಂಚಂಚೆ ಗೋಪ್ಯತಾ ಇಲಾಖೆಯ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ತಾವು, ತಮ್ಮ ಸಮಸ್ತ ಸಿಬ್ಬಂದಿ ಮತ್ತು ಎಲ್ಲರ ಪಾಸ್‌ವರ್ಡುಗಳು ಕ್ಷೇಮವೆಂದು ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಖಾಸಗಿಯಾಗಿಯೇ ಬರೆಯಬಹುದಿತ್ತು, ಆದರೆ ತಮಗೆ ಖಾಸಗಿಯಾಗಿ ಬರೆದದ್ದೂ ಕೊನೆಗೆ ಬಹಿರಂಗವೇ ಆಗುವುದರಿಂದ ತಮ್ಮ ಶ್ರಮ ಉಳಿಸೋಣವೆಂದುಕೊಂಡೆ.

ನಾನು ಪಿಟೀಲು, ಗಿಟಾರುಗಳನ್ನು ರಿಪೇರಿ ಮಾಡಿ ಶ್ರುತಿ ಕೂಡಿಸಿಕೊಡುವವನು. ಎಡಗಿವಿ ಮಂದವಾಗುತ್ತಿದೆ ಎಂಬುದನ್ನು ಅಕ್ಕನೊಬ್ಬಳಿಗೇ ಮೇಲ್‌ನಲ್ಲಿ ತಿಳಿಸಿದ್ದೆ. ಮರುದಿನವೇ ಅಂಗಡಿಯ ಕಂಪ್ಯೂಟರಿನ ತುಂಬ ಕಿವಿ ಮಷೀನಿನ ಜಾಹೀರಾತು. ಅಕ್ಕನಿಗಿಂತ ಮೊದಲು ಮೇಲ್ ಕಂಪನಿಯೇ ನನ್ನ ಆರೋಗ್ಯ ವಿಚಾರಿಸಿತಲ್ಲ ಎಂದು ಕಣ್ಣು ತುಂಬಿ ಬಂತು. ಕಂಪನಿಯವರನ್ನು ಕೇಳಿದರೆ, ಖಾತೆ ತೆರೆಯುವಾಗ 'ಒಪ್ಪಿದ್ದೇನೆ' ಎಂದು ಒತ್ತಿದ್ದು ನೀವೇ ಎಂದರು. ನಿಜ, ಒತ್ತಿದ್ದೆ. ಒತ್ತದಿದ್ದರೆ ಅದು ಮುಂದಕ್ಕೇ ಹೋಗುತ್ತಿರಲಿಲ್ಲ.

ಆಗ ಎಲ್ಲವನ್ನೂ ಬಿಚ್ಚಿ ಹೇಳಿ ತಮಗೆ ದೂರು ಕೊಟ್ಟೆ. ತಾವು 'ನಿಮ್ಮ ಗುಟ್ಟು, ನಿಮ್ಮ ಹೊಣೆ' ಎಂಬ ಸೊಗಸಾದ ಉತ್ತರವನ್ನು, ಕೆಳಗೆ ನನ್ನ ದೂರನ್ನೂ ಇಡಿಯಾಗಿ ಅಂಟಿಸಿ, ಊರಿನ ದೂರುದಾರರೆಲ್ಲರಿಗೂ ಒಂದೇ ಏಟಿಗೆ ಕಳಿಸಿದಿರಿ. ಅವರಲ್ಲಿ ನನ್ನ ಹಳೆಯ ಗಿರಾಕಿ, ಶಾಲೆಯ ಸಂಗೀತದ ಮೇಡಂ ಕೂಡ ಇದ್ದರು. ಅವರು ಅಂಗಡಿಗೆ ಬಂದು, ಅರ್ಧ ರಿಪೇರಿಯಾಗಿದ್ದ ಪಿಟೀಲನ್ನು ಎತ್ತಿಕೊಂಡು, "ಬೇಜಾರು ಮಾಡ್ಕೋಬೇಡಿ ಅಣ್ಣಾ, ಬೇರೆ ಕಡೆ ಒಂದ್ಸಲ ತೋರಿಸ್ತೀನಿ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದರು. ಬಲಗಿವಿ ಚೆನ್ನಾಗಿಯೇ ಇದೆ ಎಂದು ನಾನು ಹೇಳುವಷ್ಟರಲ್ಲಿ ಅವರು ಬೀದಿ ದಾಟಿದ್ದರು. ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಬೇರೆ ಕಸುಬು ನನಗೆ ಗೊತ್ತಿಲ್ಲ.

ಆದರೂ ಹೊಣೆ ನನ್ನದೇ ಎಂಬ ತಮ್ಮ ಮಾತನ್ನು ಶಿರಸಾವಹಿಸಿ ನಡೆಯುತ್ತಿದ್ದೇನೆ. ಅಕ್ಕನಿಗೆ ಈಗ 'ಅದು ಹಾಗೇ ಇದೆ' ಎಂದಷ್ಟೇ ಬರೆಯುತ್ತೇನೆ, ಅವಳು 'ಯಾವುದೋ?' ಎಂದು ಕೇಳುತ್ತಾಳೆ. ಹೊಣೆಗಾರ ಪ್ರಜೆಯಾಗಿ ನಾನು ಉತ್ತರಿಸುವುದಿಲ್ಲ. ನನ್ನ ಬಿನ್ನಹ ಇಷ್ಟೇ: ಬಾಯಿ ಮುಚ್ಚಿಕೊಂಡಿರುವ ಹೊಣೆ ನನಗಿರಲಿ, ಆದರೆ ಕಣ್ಣು ಮುಚ್ಚಿಕೊಂಡು ಕೂರುವ ವಿದ್ಯೆ ತಮ್ಮ ಇಲಾಖೆಗೆ ಚೆನ್ನಾಗಿ ಒಲಿದಿರುವುದರಿಂದ, ಅದನ್ನು ಮೇಲ್ ಕಂಪನಿಗಳೂ ಕಡ್ಡಾಯವಾಗಿ ಕಲಿಯತಕ್ಕದ್ದು ಎಂದು ಒಂದು ಕಾಯ್ದೆ ತರಬೇಕು. ಸಂಗೀತದ ಮೇಡಂ ಆ ಮೇಲ್‌ನಲ್ಲಿ ಓದಿದ್ದನ್ನು ಮರೆಯತಕ್ಕದ್ದು ಎಂದು ಅದರಲ್ಲೇ ಒಂದು ಕಲಮು ಸೇರಿಸಿದರೆ ಇನ್ನೂ ಉಪಕಾರ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
(ಹೆಸರು, ವಿಳಾಸ ಮತ್ತು ಕಾಯಿಲೆ ಈಗಾಗಲೇ ಎಲ್ಲರ ಬಳಿ ಇವೆ)

ತಾ.ಕ.: ಈ ಬಗ್ಗೆ ಮಾತಾಡಲು ಯಾರನ್ನಾದರೂ ಕಳಿಸುವುದಾದರೆ, ದಯವಿಟ್ಟು ನನ್ನ ಬಲಗಡೆ ನಿಲ್ಲಲು ಹೇಳಿ. ಎಡಗಿವಿಗೆ ಎಷ್ಟು ಕೂಗಿದರೂ ಕೇಳುವುದಿಲ್ಲ. ಅದನ್ನು ತಮ್ಮ ಇಲಾಖೆಯ ಶಾಖೆಯೆಂದೇ ಭಾವಿಸಿ ಸುಮ್ಮನಿದ್ದೇನೆ.