ಮಗ್ಗ ನಿಲ್ಲಿಸಿ ಅಳೆದ ಶಬ್ದ

ಪರಿಸರ ವಿಜ್ಞಾನದ ಎಂ.ಎಸ್ಸಿ. ಎರಡು ವರ್ಷದ್ದು. ಕೊನೆಯ ಸೆಮಿಸ್ಟರಿನಲ್ಲಿ ಒಂದು ಪ್ರಾಜೆಕ್ಟ್ ಮಾಡಬೇಕು. ಜಮಖಂಡಿಯ ಕಾಲೇಜಿನಲ್ಲಿ ನನ್ನ ಸಹಪಾಠಿಗಳು ಕೆರೆ, ಕಾರ್ಖಾನೆ, ಕಬ್ಬಿನ ಹೊಲ ಎಂದು ಬಿಸಿಲಲ್ಲಿ ಅಲೆಯುತ್ತಿದ್ದಾಗ ನಾನು ಶಬ್ದಮಾಲಿನ್ಯವನ್ನು ಆರಿಸಿಕೊಂಡೆ. ಬನಹಟ್ಟಿಯಲ್ಲಿ ನನ್ನ ಗಂಡನ ಮನೆ ಇರುವುದು ನೇಕಾರರ ಓಣಿಯಲ್ಲಿ. ಹಿಂದಿನ ಕೋಣೆಯಲ್ಲಿ ಮಾವನವರ ನಾಲ್ಕು ಪವರ್‌ಲೂಮ್‌ಗಳಿವೆ. ಮನೆಯಲ್ಲಿ ಉಪ್ಪು ಕೇಳಬೇಕಾದರೂ ಅವುಗಳ ಸದ್ದನ್ನು ಮೀರಿಸಿ ಕೇಳಬೇಕು. ಮಾಲಿನ್ಯ ಮನೆಯಲ್ಲೇ ಇರುವಾಗ ಬಸ್ ಹತ್ತಿ ಹುಡುಕುವುದೇಕೆ ಎಂಬುದು ನನ್ನ ವಾದ. ವಾದದಲ್ಲಿ ದೋಷವಿರಲಿಲ್ಲ.

ಮಗ್ಗ ನಡೆಯುವಾಗಿನ ಶಬ್ದವನ್ನು ಕಾಲೇಜಿನ ಮಾಪಕದಿಂದ ಅಳೆದದ್ದಾಯಿತು. ಅದೇ ಹಗಲು ಹೊತ್ತಿನಲ್ಲಿ ಮಗ್ಗ ನಿಂತಾಗಿನ ಅಳತೆ ಉಳಿದಿತ್ತು. ಅದಿಲ್ಲದೆ ಸಹಿ ಹಾಕುವುದಿಲ್ಲ ಎಂದು ನಮ್ಮ ಗೈಡ್ ಸರ್ ಹೇಳಿದ್ದರು. ಸಹಿ ಇಲ್ಲದಿದ್ದರೆ ಇನ್ನೊಂದು ವರ್ಷ. ಮಾವನವರು ಸೊಸೆಯ ಓದಿಗೆ ಒಪ್ಪಿದ್ದು ಎರಡು ವರ್ಷಕ್ಕೆ ಮಾತ್ರ.

ವಾರದ ರಜೆಯ ದಿನ ಅಳೆಯಬಹುದಿತ್ತು. ಅಂದು ನಾನು ಮುಧೋಳದ ತವರಿನಲ್ಲಿದ್ದೆ. ಕರೆಂಟ್ ಹೋದಾಗ ಅಳೆಯೋಣವೆಂದು ಕಾದೆ. ಆ ವಾರ ಕರೆಂಟ್ ಹೋಗಲೇ ಇಲ್ಲ. ಓಣಿಯವರು ಅಂಥ ವಾರವನ್ನು ಹಿಂದೆ ಕಂಡಿರಲಿಲ್ಲ. ಪ್ರಾಜೆಕ್ಟ್ ಸಲ್ಲಿಸಲು ಮರುದಿನವೇ ಕೊನೆ ಎಂದಾದಾಗ ಮಾವನವರನ್ನು ಕೇಳಿದೆ.

"ಮಾವಾರ, ಒಂದೀಟು ಮಗ್ಗ ಬಂದ್ ಮಾಡ್ತೀರೇನ್ರಿ?"

"ಕರೆಂಟ್ ಇದ್ದಾಗ?"

"ಹೌದ್ರಿ."

"ಕರೆಂಟ್ ಇದ್ದಾಗ ಸುಮ್‌ಸುಮ್ಕ ಬಂದ್ ಮಾಡಬಾರ್ದವ್ವಾ. ಯಾಕಂದ್ರ..."

"ಡಿಗ್ರಿ ಸಲುವಾಗಿ ರಿ."

ಅವರು ಸ್ವಿಚ್ ಆರಿಸಿದರು.

ಮೊದಲು ನಮ್ಮ ಮನೆ ಸುಮ್ಮನಾಯಿತು. ಆಮೇಲೆ ಬಲಗಡೆಯ ಮನೆಯ ಮಗ್ಗಗಳು ನಿಂತವು. ಆಮೇಲೆ ಎಡಗಡೆಯವು. ಆಮೇಲೆ ಎದುರಿನವು. ಇಡೀ ಓಣಿ ಸ್ತಬ್ಧವಾಯಿತು. ನಾನು ಯಾರಿಗೂ ಹೇಳಿರಲಿಲ್ಲ. ವಿಜ್ಞಾನದ ಬಗ್ಗೆ ಜನರಿಗೆ ಇಷ್ಟು ಗೌರವವಿದೆಯೆಂದು ತಿಳಿದು ಕಣ್ಣು ತೇವವಾಯಿತು. ಒರೆಸಿಕೊಂಡು ಮಾಪಕದ ಗುಂಡಿ ಒತ್ತಿದೆ.

ಅದೇ ಕ್ಷಣಕ್ಕೆ ಪಕ್ಕದ ಮನೆಯ ಗಂಗಕ್ಕ ಎದೆ ಬಡಿದುಕೊಳ್ಳುತ್ತ ಒಳಗೆ ಬಂದಳು. "ಅಯ್ಯೋ ನಮ್ಮಜ್ಜಾ, ಒಂದ್ ಮಾತು ಹೇಳದ ಹೋದ್ಯಲ್ಲೋ!" ಅವಳ ಹಿಂದೆ ಓಣಿಯ ಹೆಂಗಸರು. ಅವರ ಹಿಂದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಗಂಡಸರು. ಒಬ್ಬರ ಕೈಯಲ್ಲಿ ಆಗಲೇ ಹೂವಿನ ಹಾರವಿತ್ತು.

ಮಾವನವರ ತಂದೆ, ಅಂದರೆ ಆ ಅಜ್ಜ, ಪಡಸಾಲೆಯಲ್ಲಿ ಕುಳಿತು ಟೋಸ್ಟನ್ನು ಚಹಾದಲ್ಲಿ ಅದ್ದುತ್ತಿದ್ದರು. ಅವರನ್ನು ಕಂಡ ಮೇಲೂ ಗಂಗಕ್ಕನ ಅಳು ಸ್ವಲ್ಪ ಹೊತ್ತು ಮುಂದುವರಿಯಿತು. ಅಷ್ಟು ಜೋರಾಗಿ ಶುರುವಾದದ್ದು ಒಮ್ಮೆಲೇ ನಿಲ್ಲುವುದಿಲ್ಲ.

"ಯಾರು ಹೋದ್ರು ಬೇ?" ಅಜ್ಜ ಕೇಳಿದರು.

ಗಂಗಕ್ಕ ಕಣ್ಣೊರೆಸಿಕೊಂಡು ಹೇಳಿದಳು. "ನೀವ ಹೋಗಿದ್ರಿ, ಅಜ್ಜಾರ."

ಅಜ್ಜ ಟೋಸ್ಟನ್ನು ಕೆಳಗಿಟ್ಟರು. "ನನಗ್ಯಾರೂ ಹೇಳಲಿಲ್ಲಲ್ಲ."

ಅಷ್ಟರಲ್ಲಿ ನೂಲಿನ ಅಂಗಡಿಗೆ ಹೋಗಿದ್ದ ನಮ್ಮ ಮನೆಯವರು ಬೈಕನ್ನು ಬೀದಿಯಲ್ಲೇ ಕೆಡವಿ ಓಡಿ ಬಂದರು. ಅಜ್ಜನನ್ನು ನೋಡಿದರು. ಆಮೇಲೆ ಮಾಪಕ ಹಿಡಿದ ನನ್ನನ್ನು ನೋಡಿದರು.

"ಕರೆಂಟ್ ಇದ್ದೂ ಮಗ್ಗ ನಿಂತ್ರ ಆ ಮನ್ಯಾಗ ಯಾರೋ ತೀರ್ಕೊಂಡ್ರು ಅಂತ ಅರ್ಥ. ಬಾಜೂಕಿನವರೂ ನಿಲ್ಲಸ್ತಾರ. ನಿನಗ ಗೊತ್ತಿಲ್ಲೇನು?"

"ಸಿಲಬಸ್‌ನ್ಯಾಗ ಇರಲಿಲ್ರಿ."

ಆಗ ಓಣಿಯವರಿಗೆ ಸಿಟ್ಟು ಬಂತು. ಕೆಲಸ ಕೆಟ್ಟಿತೆಂದು ಒಬ್ಬರು ಕೂಗಿದರು. ಮೊದಲು ಮಗ್ಗ ನಿಲ್ಲಿಸಿ ದಾರಿ ತಪ್ಪಿಸಿದ್ದು ಎಡಗಡೆಯವರೆಂದು ಬಲಗಡೆಯವರು ಕೂಗಿದರು. ಊರಿಂದೂರಿಗೆ ಫೋನ್ ಹೋಗಿತ್ತು. ಬೀಳಗಿಯಿಂದ ಅಜ್ಜನ ಮಗಳು ಆಗಲೇ ಅಳುತ್ತ ಬಸ್ ಹತ್ತಿದ್ದಳು. ಅವಳನ್ನು ಇಳಿಸಲು ಮೂವರು ಒಟ್ಟಿಗೆ ಫೋನಿನಲ್ಲಿ ಒದರುತ್ತಿದ್ದರು.

ಹಾರ ತಂದವನು ಸಂಕೋಚದಿಂದ ಕೇಳಿದ. "ಅಜ್ಜಾರ, ಇದನ್ನೇನು ಮಾಡ್ಲಿರಿ?"

"ತಂದೀಯಲ್ಲ, ಹಾಕು. ಖರೇನ ಹೋದಾಗ ನಾ ನೋಡಾಕ ಇರಂಗಿಲ್ಲ."

ಮಾಪಕ ನನ್ನ ಕೈಯಲ್ಲೇ ಇತ್ತು. ಚಾಲೂ ಇತ್ತು. ಮಾವನವರು ಸ್ವಿಚ್ ಹಾಕಿ, ಇನ್ನು ತಾವು ನಿಜವಾಗಿ ಸತ್ತರೂ ಅದನ್ನು ಆರಿಸಕೂಡದು ಎಂದರು.

ಮರುದಿನ ಗೈಡ್ ಸರ್ ನನ್ನ ಕೋಷ್ಟಕವನ್ನು ಎರಡು ಸಲ ಓದಿದರು.

"ಮಗ್ಗ ನಿಂತಾಗನ ಶಬ್ದ ಜಾಸ್ತಿ ಐತಲ್ಲವಾ?"

"ಹೌದ್ರಿ, ಸರ್."

"ಹೆಂಗ?"

ನಡೆದದ್ದನ್ನು ಕ್ರಮವಾಗಿ, ಏನೂ ಬಿಡದೆ ಹೇಳಿದೆ. ಹಾರದ ವಿಷಯವನ್ನೂ ಹೇಳಿದೆ. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. ಇನ್ನೊಂದು ವರ್ಷ ಓದಬೇಕೆಂದು ಮಾವನವರಿಗೆ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿದ್ದೆ. ಆಗ ಅವರು ಪೆನ್ನು ತೆಗೆದು, ಕೋಷ್ಟಕದ ಕೆಳಗೆ 'ಕಾರಣ: ಸ್ಥಳೀಯ ಪದ್ಧತಿ' ಎಂದು ಬರೆದು ಸಹಿ ಹಾಕಿದರು.

"ಪಾಸ್ ಆಗ್ತೀರಿ. ಆದ್ರ ವೈವಾದಾಗ ಸ್ವಲ್ಪ ಸಣ್ಣ ದನೀಲೆ ಮಾತಾಡ್ರಿ."

"ನಾ ಸಣ್ಣ ದನೀಲೇನ ಮಾತಾಡಾಕತ್ತೇನ್ರಿ, ಸರ್" ಎಂದೆ.

ಗೋಡೆಯಾಚೆ ರಸಾಯನಶಾಸ್ತ್ರದ ಪಾಠ ನಡೆದಿತ್ತು. ಅಲ್ಲಿಂದ ಇಡೀ ತರಗತಿ ಒಟ್ಟಿಗೆ ಉತ್ತರಿಸಿತು.

"ಇಲ್ರೀ."