ಅತ್ತೆಯ ಕೌದಿ ಮಷೀನಿಗೆ ಬಂದದ್ದು

ಕೌದಿ ಹೊಲಿಯುವ ದೊಡ್ಡ ಮಷೀನು ಇಟ್ಟವರ ಅಂಗಡಿಯಲ್ಲಿ ನಗುವಿಗೆ ಬರಗಾಲವಿಲ್ಲ. ನಾನು ರಾಣೇಬೆನ್ನೂರಿನಲ್ಲಿ ಅಂಗಡಿ ತೆರೆದಾಗ ಮೊಬೈಲು ಇನ್ನೂ ಓಣಿಗೊಂದು ಇದ್ದ ಕಾಲ. ಹಳೆಯ ಸೀರೆಗಳ ಪದರು ಜೋಡಿಸಿ, ಕಚ್ಚಾ ಹೊಲಿಗೆಯ ದೊಡ್ಡ ಟಾಕಾ ಹಾಕಿ ತಂದರೆ ಸಾಕು, ತಿಂಗಳ ಕೆಲಸವನ್ನು ಮಧ್ಯಾಹ್ನದೊಳಗೆ ಮುಗಿಸಿಕೊಡುತ್ತಿದ್ದೆ. ನನ್ನ ಕೆಲಸದ ಮೇಲೆ ನನಗೆ ಪೂರ್ತಿ ಭರವಸೆ. ಇಲ್ಲದವರು ಒಬ್ಬರೇ, ನಮ್ಮ ಅತ್ತೆ. ಕುಪ್ಪೇಲೂರಿನ ಕಡೆ ಅವರ ಕೈಹೊಲಿಗೆಗೆ ದೊಡ್ಡ ಹೆಸರು. "ನನ್ನ ಕೌದಿ ಆ ಕಬ್ಬಣದ ಬಾಯಿಗೆ ಕೊಡಂಗಿಲ್ಲ" ಎಂದು ಸೊಸೆಯ ಅಂಗಡಿಯಲ್ಲೇ ಕುಳಿತು ಗಿರಾಕಿಗಳ ಮುಂದೆ ಹೇಳುತ್ತಿದ್ದರು. ಅವರದೊಂದು ಕೌದಿಯನ್ನು ನನ್ನ ಮಷೀನಿಗೆ ತರಲೇಬೇಕೆಂದು ನನಗೂ ಹಟ ಹತ್ತಿತು.

ವಕೀಲರ ಅಳತೆ

ಹಾವೇರಿಯ ವಕೀಲರೊಬ್ಬರು ಹೆಂಡತಿಯ ಕೌದಿ ತಂದರು. ಹೊಲಿಯುವಾಗ ಬಟ್ಟೆ ಜಗ್ಗುತ್ತದೆ, ಅಡಿಯ ಪದರು ಮೇಲಿನದಕ್ಕಿಂತ ಸುತ್ತಲೂ ಒಂದು ಗೇಣು ದೊಡ್ಡದಿರಬೇಕು. ಇವರು ಟೇಪು ಹಿಡಿದು ಎರಡನ್ನೂ ಸರಿಸಮ ಕತ್ತರಿಸಿದ್ದರು. "ಇಬ್ರಿಗೂ ಸಮ ಪಾಲು ಕೊಟ್ಟೇನಲ್ರಿ" ಎಂದು ವಾದಿಸಿದರು. ಅಡಿಯದು ಎಲ್ಲಿ ಸಾಲುವುದಿಲ್ಲವೆಂದು ನಾನು ಹಾಸಿ ತೋರಿಸಿದೆ. ಕೌದಿ ಸುತ್ತಿಕೊಂಡು, "ಹಂಗಾರ ಮುಂದಿನ ತಾರೀಖು ಕೊಡ್ರಿ" ಎಂದರು.

ಬ್ಯಾಡಗಿಯ ಪದರು

ಬ್ಯಾಡಗಿಯ ಅಕ್ಕನೊಬ್ಬಳು ಮೆಣಸಿನಕಾಯಿ ಒಣಹಾಕುತ್ತಿದ್ದ ಸೀರೆಯನ್ನು ಕೊಡವದೆ ನಡುವಿನ ಪದರಾಗಿ ಇಟ್ಟಿದ್ದಳು. ಸೂಜಿ ಓಡಿದ್ದೇ ತಡ, ಧೂಳೆದ್ದು ಅಂಗಡಿ ತುಂಬ ಸೀನು. ಅತ್ತೆ ಸೆರಗು ಮೂಗಿಗೊತ್ತಿ ಬೀದಿಗೆ ಓಡಿದರು. "ತೊಳದು ತರಬಾರದೇನ್ರಿ?" ಎಂದೆ. ಆಕೆಗೆ ಊರಿನ ಅಭಿಮಾನ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ, ನಾಕು ಸೀನಿನ ನಡುವೆ ಹೇಳಿದಳು: "ನಮ್ಮ ಕಾಯಿ... ಖಾರ ಇರಂಗಿಲ್ರೀ... ಬರೇ ಬಣ್ಣ!"

ಕೌದಿಯ ಊಟ

ಕೌದಿ ಹಸಿದಿರಬಾರದೆಂದು ಮೂಲೆಯಲ್ಲಿ ರೊಟ್ಟಿಯ ತುಣುಕಿಟ್ಟು ಹೊಲಿಯುವುದು ನಮ್ಮ ಕಡೆಯ ಪದ್ಧತಿ. ಗುತ್ತಲದ ಅಜ್ಜಿಯೊಬ್ಬಳು ಇಟ್ಟಿದ್ದ ಖಡಕ್ ಜೋಳದ ರೊಟ್ಟಿಗೆ ನನ್ನ ಸೂಜಿ ಟಕ್ಕನೆ ಮುರಿಯಿತು. "ಮೆತ್ತನ್ನ ಚಪಾತಿ ಇಡಬಾರದೇನಜ್ಜಿ?" ಎಂದೆ. "ನಮಗ ಹಬ್ಬಕ್ಕಷ್ಟ ಸಿಗತೈತಿ ಚಪಾತಿ. ಕೌದಿಗೆ ದಿನಾ ಎಲ್ಲಿಂದ ತರ್ಲಿ?" ಎಂದಳು.

ಅತ್ತೆಯ ಸರದಿ

ನಾದಿನಿಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ಅತ್ತೆ ಮೊಮ್ಮಗನ ಕೌದಿಗೆ ಪದರು ಜೋಡಿಸಿ ಟಾಕಾ ಹಾಕಿದ್ದರು. ಅಷ್ಟರಲ್ಲಿ ಅವರ ಚಾಳೀಸಿನ ಕನ್ನಡಕ ಕಳೆಯಿತು. ಅದಿಲ್ಲದೆ ಅವರಿಗೆ ಸೂಜಿಯ ಕಣ್ಣೂ ಕಾಣುವುದಿಲ್ಲ. ಮನೆಯೆಲ್ಲ ಹುಡುಕಿದೆವು. "ಬೇಕಂತನ ಮುಚ್ಚಿಟ್ಟೀ" ಎಂದು ನನ್ನ ಮೇಲೆ ಗುಮಾನಿ ಬೇರೆ. ಮರುದಿನವೇ ತೊಟ್ಟಿಲು. ಬೇರೆ ದಾರಿಯಿಲ್ಲದೆ, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲೇ ಕೌದಿ ತಂದು ನನ್ನ ಮುಂದಿಟ್ಟರು.

ಗೆದ್ದೆ ಎಂದುಕೊಂಡೆ. ಸವರಿ ನೋಡಿದರೆ ಮೂಲೆಯಲ್ಲಿ ಏನೋ ಗಟ್ಟಿ. "ಇದೇನ್ರಿ ಅತ್ತಿ?"

"ರೊಟ್ಟಿ. ನನಗ ಕಲಿಸಬ್ಯಾಡ, ಹೊಲಿ."

ಅತ್ತೆಯ ಕೌದಿ ಬಿಚ್ಚಿ ನೋಡುವ ಧೈರ್ಯ ಯಾವ ಸೊಸೆಗಿದೆ? ಆದರೂ ಗುತ್ತಲದ ಸೂಜಿ ನೆನಪಾಗಿ ಆ ಮೂಲೆಯ ಟಾಕಾ ಬಿಚ್ಚಿದೆ. ರೊಟ್ಟಿಯ ತುಣುಕು ಬಂತು. ಅದರ ಹಿಂದೆಯೇ ಚಾಳೀಸೂ ಬಂತು.

ಅಂಗಡಿಯೆಲ್ಲ ಅತ್ತೆಯ ಕಡೆ ತಿರುಗಿ ನಕ್ಕಿತು. ನಾನು ನಗು ತಡೆಯಲು ಸೆರಗು ಕಚ್ಚಿಕೊಂಡೆ. ಅತ್ತೆ ಒಂದಿಷ್ಟೂ ಅಳುಕಲಿಲ್ಲ. ಚಾಳೀಸು ಒರೆಸಿ ಮೂಗಿಗೇರಿಸಿ ಎಲ್ಲರನ್ನೂ ಒಮ್ಮೆ ನೋಡಿದರು.

"ಏನ್ ನಗತೀರಿ? ಕೌದಿ ಹಸೀಬಾರದಂತ ರೊಟ್ಟಿ ಇಟ್ಟೇನಿ, ಮೊಮ್ಮಗ ಓದಿ ಶಾಣ್ಯಾ ಆಗ್ಲಿ ಅಂತ ಚಾಳೀಸ ಇಟ್ಟೇನಿ. ನೀವ್ಯಾರೂ ಇಡಂಗಿಲ್ಲೇನು?"