ಅತ್ತೆಯ ಮೀಟರ್

ಆಲ್ದೂರಿನಲ್ಲಿರುವ ನನ್ನ ಸೋದರತ್ತೆ ಟಿ.ವಿ. ನೋಡುವುದಿಲ್ಲ, ಕರೆಂಟ್ ಮೀಟರ್ ನೋಡುತ್ತಾರೆ. ಧಾರಾವಾಹಿಗಿಂತ ಅದರಲ್ಲಿ ಕಥೆ ಬೇಗ ಮುಂದಕ್ಕೆ ಹೋಗುತ್ತದಂತೆ.

ಅವರು ನಿವೃತ್ತ ಗಣಿತದ ಟೀಚರ್. ಬಂದ ನೆಂಟರಿಗೆ ಕಾಫಿಗೂ ಮುಂಚೆ ಪಾಠ: ಸಾವಿರ ವ್ಯಾಟಿನ ವಸ್ತು ಒಂದು ಗಂಟೆ ಉರಿದರೆ ಒಂದು ಯೂನಿಟ್; ಈ ತಿಂಗಳ ರೀಡಿಂಗಿನಲ್ಲಿ ಹೋದ ತಿಂಗಳದ್ದನ್ನು ಕಳೆದರೆ ಉಳಿಯುವುದೇ ನಾವು ಸುಟ್ಟ ಲೆಕ್ಕ. ಒಮ್ಮೆ ನಾನು ಸ್ನಾನ ಮಾಡುತ್ತಿದ್ದಾಗ ಬಾಗಿಲಾಚೆಯಿಂದ ದನಿ ಬಂತು.

“ಗೀಸರ್ ಎರಡು ಸಾವಿರ ವ್ಯಾಟ್ ಮಾರಾಯ. ಅರ್ಧ ಗಂಟೆಗೆ ಎಷ್ಟು ಯೂನಿಟ್?”

“ಒಂದು, ಅತ್ತೆ.”

“ಗೊತ್ತಿದ್ದೂ ಒಳಗೇ ಇದೀಯಲ್ಲ.”

ರೀಡಿಂಗಿಗೆ ಬರುವವನ ಕೈಯ ಯಂತ್ರ ಬಿಲ್ ಉಗುಳುವ ಮೊದಲೇ ಅತ್ತೆ ಉತ್ತರ ಹೇಳಿರುತ್ತಾರೆ. ತಾಳೆಯಾದರೆ ಅವನಿಗೆ ಕಾಫಿ. ಇದುವರೆಗೆ ಅವನು ಫೇಲಾಗಿಲ್ಲ.

ಹೋದ ಮಳೆಗಾಲದ ಒಂದು ಸಂಜೆ ನಾನು ಹೋದಾಗ ಅತ್ತೆ ಮೀಟರಿನ ಮುಂದೆ ಗಂಭೀರವಾಗಿ ನಿಂತಿದ್ದರು. ಮನೆಯೊಳಗಿನ ಎಲ್ಲ ಸ್ವಿಚ್ ಆರಿಸಿದ್ದರೂ ಅದರ ಕೆಂಪು ದೀಪ ಮಿಣುಕುತ್ತಿತ್ತು. ಎಲ್ಲೋ ಕರೆಂಟ್ ಖರ್ಚಾಗುತ್ತಿದೆ ಎಂದರ್ಥ. ಫ್ರಿಜ್ಜಿನ ಪ್ಲಗ್ ಕಿತ್ತೆವು. ಮಿಣುಕಿತು. ನನ್ನ ಫೋನಿನ ಚಾರ್ಜರ್ ಮೇಲೆ ಸಂಶಯ ಬಂತು. ಅದು ಬ್ಯಾಗಿನಲ್ಲಿತ್ತು.

“ಮೀಟರೇ ಸುಳ್ಳು ಹೇಳ್ತಿದ್ಯೋ ನೋಡಣ” ಎಂದು ಅತ್ತೆ ಮೈನ್ ಸ್ವಿಚ್ ಆರಿಸಿದರು. ಕೆಂಪು ದೀಪ ನಿಂತಿತು. ಮೀಟರ್ ನಿರಪರಾಧಿ ಎಂದು ಅವರು ತೀರ್ಪು ಕೊಡುವಷ್ಟರಲ್ಲಿ ಪಕ್ಕದ ಮನೆಯಲ್ಲಿ ಏನೋ ಕೀ ಕೀ ಎಂದು ಕೂಗತೊಡಗಿತು. ಆ ಮನೆಯ ಹೆಂಗಸು ಓಡಿಬಂದರು.

“ಅಕ್ಕ, ಕರೆಂಟ್ ಹಾಕಿ. ಇವ್ರ ಆಕ್ಸಿಜನ್ ಮಷಿನ್ ನಿಂತೋಯ್ತು.”

ಅತ್ತೆ ತಕ್ಷಣ ಮೈನ್ ಹಾಕಿದರು. ಹಿಂದಿನ ದಿನದ ಗಾಳಿಗೆ ಮರ ಬಿದ್ದು ಅವರ ಮನೆಯ ತಂತಿ ತುಂಡಾಗಿತ್ತು. ರಿಪೇರಿಗೆ ಇನ್ನೂ ಯಾರೂ ಬಂದಿರಲಿಲ್ಲ. ಗಂಡನ ಉಸಿರಾಟಕ್ಕಾಗಿ ಆಕೆ ಅತ್ತೆಯ ಹಿತ್ತಲಿನ ಪಂಪಿನ ಪ್ಲಗ್ಗಿನಿಂದ ಬೇಲಿ ದಾಟಿಸಿ ವಯರ್ ಎಳೆದುಕೊಂಡಿದ್ದರು.

“ಒಂದು ಮಾತು ಹೇಳೋದಲ್ವಾ ಮಾರಾಯ್ತಿ?”

“ನಿಮ್ಮತ್ರ ಕರೆಂಟ್ ಕೇಳೋಕೆ ಹೆದರಿಕೆ ಆಯ್ತು ಅಕ್ಕ.”

ಅತ್ತೆ ಆಕೆಯ ಹಿಂದೆ ನಡೆದರು. ನಾನೂ ಹೋದೆ. ಆ ಮನೆ ಕತ್ತಲಾಗಿತ್ತು. ಯಂತ್ರದ ಸದ್ದು ಮಾತ್ರ ಕೇಳುತ್ತಿತ್ತು.

“ಒಂದು ಲೈಟಾದ್ರೂ ಹಾಕ್ಕೋಬಾರ್ದಿತ್ತಾ?”

“ಮಷಿನಿಗೊಂದು ಸಿಕ್ರೆ ಸಾಕು ಅಂತ...”

ಅತ್ತೆ ಮನೆಗೆ ಹೋಗಿ, ತಾವು ಓದುವ ಟೇಬಲ್ ಲ್ಯಾಂಪ್ ತಂದು, ಅದೇ ವಯರಿಗೆ ಸಿಕ್ಕಿಸಿ ಮಂಚದ ಪಕ್ಕ ಹಚ್ಚಿಟ್ಟರು. ಮಲಗಿದ್ದವರು ಬೆಳಕಿಗೆ ಕಣ್ಣು ಬಿಟ್ಟರು.

“ಟೀಚರ್, ನೀವಾ?”

“ಹೌದು, ಮಾತಾಡ್ಬೇಡಿ” ಎಂದು ಅತ್ತೆ ಅಲ್ಲೇ ಕೂತು, ಅವರ ಕಾಲಿನಿಂದ ಜಾರಿದ್ದ ಕಂಬಳಿಯನ್ನು ಮೆಲ್ಲಗೆ ಎಳೆದು ಹೊದಿಸಿದರು.